ಕೀ ಮೊಳೆಯಲ್ಲೇ ಇತ್ತು

ಹಳೇ ಕಾರು ಗೇಟಿನ ಕಂಬಕ್ಕೆ ಗುದ್ದಿದ ದಿನದಿಂದ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಂಡಿರಲಿಲ್ಲ. ಗುದ್ದಿಸಿದವರು ಮಾವ. ಆಯುಷ್ಯವೆಲ್ಲ ಬಸ್ಸು ಓಡಿಸಿ, ಒಂದು ನಾಯಿಮರಿಗೂ ತಾಗಿಸದೆ ನಿವೃತ್ತರಾದ ಮನುಷ್ಯ, ಹೋಗಿ ಹೋಗಿ ತಮ್ಮ ಮನೆಯ ಕಂಬಕ್ಕೇ ಗುದ್ದಿಸಿದ್ದರು. ಕಂಬಕ್ಕೆ ಬಿದ್ದದ್ದು ಒಂದು ಗೀರು, ಕಾರಿಗೆ ಒಂದು ತಗ್ಗು. ಮಿಕ್ಕ ಪೆಟ್ಟೆಲ್ಲ ಮಾವನ ಮರ್ಯಾದೆಗೆ.

"ಆ ಕಂಬ ಮೊದಲು ಅಲ್ಲಿರ್ಲೇ ಇಲ್ಲ ಅಂತ ಹೇಳಿಬಿಡು ತಾತ, ನಾನು ಸಾಕ್ಷಿ ಹೇಳ್ತೀನಿ" ಅಂದಳು ಮೊಮ್ಮಗಳು. ಬಾಯಿಗೆ ಬ್ರೇಕಿಲ್ಲದ ಆ ಹುಡುಗಿಯನ್ನು ಮನೆಯವರೆಲ್ಲ ಪಟಾಕಿ ಅಂತಲೇ ಕರೆಯುತ್ತಿದ್ದರು.

ಯಾರೂ ನಗಲಿಲ್ಲ. ಅವಳ ಅಪ್ಪನಂತೂ ತುತ್ತು ಕೆಳಗಿಟ್ಟ. ಲಿಫ್ಟ್ ರಿಪೇರಿ ಅವನ ಕೆಲಸ. ಹಗ್ಗ, ಬ್ರೇಕು, ಬಾಗಿಲು ಎಲ್ಲವನ್ನೂ ಅನುಮಾನದಿಂದ ನೋಡಿ ನೋಡಿ, ಮನೆಯವರನ್ನೂ ಹಾಗೇ ನೋಡುವ ಅಭ್ಯಾಸವಾಗಿತ್ತು.

"ಇವತ್ತು ಕಂಬ ಅಪ್ಪಾ. ನಾಳೆ ಸ್ಕೂಲಿಂದ ಬರೋ ಯಾರದೋ ಮಗು ಆಗ್ಬಹುದು."

"ಬ್ರೇಕ್ ಸರಿಯಿಲ್ಲ ಆ ಕಾರಿಂದು" ಅಂದರು ಮಾವ.

"ಹೋದ ತಿಂಗಳು ನಾನೇ ನೋಡಿದೀನಿ. ಸರಿಯಾಗಿದೆ."

ಅನ್ನ ಬಡಿಸುತ್ತಿದ್ದ ಸೊಸೆ ಸೌಟು ಹಿಡಿದುಕೊಂಡೇ ಬಾಯಿ ಹಾಕಿದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಹಿಯಾದದ್ದನ್ನು ನಯವಾಗಿ ಹೇಳುವುದು ಅಲ್ಲಿ ರೂಢಿಯಾಗಿತ್ತು. ಮನೆಯಲ್ಲಿ ಆ ನಯ ಯಾಕೋ ಬರುತ್ತಿರಲಿಲ್ಲ. "ಮಾವಾ, ಓಡಿಸೋದನ್ನೇ ಬಿಟ್ಟುಬಿಡಿ. ವಯಸ್ಸಾಯ್ತು, ಅದರಲ್ಲಿ ನಾಚಿಕೆ ಏನು?"

ಮಾವ ತಲೆಯೆತ್ತಿ ನೋಡಿದರು. "ವಯಸ್ಸು ಎಲ್ಲರಿಗೂ ಆಗುತ್ತಮ್ಮಾ. ನಿನಗೂ ಆಗುತ್ತೆ" ಅಂದು ಕೈತೊಳೆಯಲು ಎದ್ದರು.

ಕೊನೆಗೆ ಮಗನೇ ಒಂದು ದಾರಿ ಹುಡುಕಿದ. ಹೈಬ್ರಿಡ್ ಕಾರು ತರೋಣ ಅಂದ, ಪೆಟ್ರೋಲೂ ಕರೆಂಟೂ ಎರಡರಲ್ಲೂ ಓಡುವಂಥದ್ದು. ಎದುರು ಏನಾದರೂ ಅಡ್ಡ ಬಂದರೆ ಅದೇ ಬ್ರೇಕ್ ಹಾಕಿಕೊಳ್ಳುತ್ತದೆ, ಹಿಂದೆ ಬರುವಾಗ ಪರದೆಯಲ್ಲಿ ಕಾಣುತ್ತದೆ. ಮೇಲಾಗಿ ಅಮ್ಮನ ದಮ್ಮು. ಕಾರಿನ ಶೆಡ್ಡಿನ ಮೇಲೆ ಹಲಗೆ ಹಾಸಿದ ಒಂದು ಕೋಣೆ. ಅಲ್ಲೇ ಅತ್ತೆಯ ಹೊಲಿಗೆ. ಹಳೇ ಡೀಸೆಲ್ ಕಾರನ್ನು ಬೆಳಿಗ್ಗೆ ಶುರು ಮಾಡಿದರೆ ಹಲಗೆಯ ಸಂದಿಯಿಂದ ಹೊಗೆ ಏರಿ, ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು.

"ಹಾಗಾದ್ರೆ ಪೂರ್ತಿ ಕರೆಂಟಿಂದೇ ತಗೊಳ್ಳಿ" ಅಂದಳು ಸೊಸೆ.

"ಚಾರ್ಜ್ ಎಲ್ಲಿ ಮಾಡ್ತೀಯ? ಈ ಮನೆ ವೈರಿಂಗು ಇಸ್ತ್ರಿ ಪೆಟ್ಟಿಗೆಗೇ ಉಸ್ಸಪ್ಪಾ ಅನ್ನುತ್ತೆ. ಇದಕ್ಕೆ ಚಾರ್ಜ್ ಬೇಡ. ಓಡ್ತಾ ಓಡ್ತಾ ತಾನೇ ತುಂಬ್ಕೊಳ್ಳುತ್ತೆ."

"ಎರಡು ಎಂಜಿನ್ ಅಂದ್ರೆ ಎರಡು ತಲೆನೋವು" ಅಂದರು ಮಾವ. "ಬ್ಯಾಟರಿ ಎಲ್ಲಿರುತ್ತೆ?"

"ಹಿಂದಿನ ಸೀಟಿನ ಕೆಳಗೆ."

"ಸರಿಹೋಯ್ತು! ಮಗೂನ ಬೆಂಕಿಪೊಟ್ಟಣದ ಮೇಲೆ ಕೂರಿಸ್ತೀಯ?"

"ನಾನು ಕೂರ್ತೀನಿ ತಾತ, ಚಳೀಲಿ ಬೆಚ್ಚಗಿರುತ್ತೆ" ಅಂದಳು ಪಟಾಕಿ.

ಅಲ್ಲಿಂದ ಎರಡು ವಾರ ಬ್ಯಾಟರಿಯದ್ದೇ ಜಪ. ಬೆಂಕಿ ಹತ್ತಿದರೆ? ಮಳೆನೀರು ಹೊಕ್ಕು ಶಾಕ್ ಹೊಡೆದರೆ? ಮಗ ಎಲ್ಲಕ್ಕೂ ಉತ್ತರ ತಂದ. ಪೆಟ್ಟಿಗೆಗೆ ಹೇಗೆ ಮುಚ್ಚಳ ಹಾಕಿರುತ್ತಾರೆ, ಡಿಕ್ಕಿಯಾದರೆ ಕರೆಂಟು ಹೇಗೆ ತಾನೇ ಕಡಿದುಹೋಗುತ್ತದೆ, ಎಲ್ಲವನ್ನೂ ಊಟದ ತಟ್ಟೆ, ಲೋಟ ಇಟ್ಟು ತೋರಿಸಿದ. ಆ ಕಾರು ಸದ್ದು ಮಾಡುವುದಿಲ್ಲ ಅನ್ನುವ ವಿಷಯ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆದಾಗಲೂ ಅದನ್ನು ಹೊಗಳಿಕೆ ಅಂತಲೇ ಎಣಿಸಿದರು.

ಕಾರು ಬಂತು. ಬೆಳ್ಳಗೆ, ನುಣ್ಣಗೆ, ಬೆಕ್ಕು ನಡೆದಂತೆ ಗೇಟಿನೊಳಗೆ ಬಂದು ನಿಂತಿತು. ಅತ್ತೆ ಮೇಲಿನ ಕಿಟಕಿಯಿಂದ ಬಗ್ಗಿ, "ಬಂತಾ? ಯಾವಾಗ ಬಂತು?" ಅಂದರು.

ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ ಇತ್ತು. ಹಳೇ ಕಾರಿನ ಕೀ ಅದಕ್ಕೇ ತೂಗುತ್ತಿತ್ತು. ಕೀ ಮೊಳೆಯಲ್ಲಿದ್ದರೆ ಕಾರು ಮಲಗಿದೆ ಎಂದು ಲೆಕ್ಕ. ಎಂಜಿನ್ ಆರಿಸದೆ ಆ ಕೀಯನ್ನು ಕೀಳಲಿಕ್ಕೇ ಆಗುತ್ತಿರಲಿಲ್ಲ. ಹೊಸ ಕೀಯೂ ಮರುಮಾತಿಲ್ಲದೆ ಅದೇ ಮೊಳೆಗೆ ಏರಿತು. ಆದರೆ ಹೊಸದನ್ನು ಎಲ್ಲಿಗೂ ತೂರಿಸಿ ತಿರುಗಿಸುವಂತಿರಲಿಲ್ಲ. ಅದು ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಕಾರು ಎಚ್ಚರ, ಇನ್ನೊಮ್ಮೆ ಒತ್ತಿದರೆ ನಿದ್ದೆ. ಮೊದಲ ದಿನ ಮಗ ಇದನ್ನು ಎಲ್ಲರಿಗೂ ಹೇಳಿಕೊಟ್ಟ. ಎಲ್ಲರೂ ಹೂಂ ಅಂದರು. ಕಾರು ಮಾತ್ರ ಬೆಲ್ಟ್ ಹಾಕದಿದ್ದರೆ ಪಿಪ್, ಬಾಗಿಲು ತೆಗೆದರೆ ಪಿಪ್, ಬೈಕು ಹತ್ತಿರ ಬಂದರೆ ಪಿಪ್ ಅನ್ನುತ್ತಿತ್ತು. "ನಿಮ್ಮಜ್ಜಿಗಿಂತ ಜಾಸ್ತಿ ಗೊಣಗುತ್ತೆ" ಅಂದರು ಮಾವ. ವಾರ ಕಳೆಯುವುದರೊಳಗೆ ಅದರ ಪಿಪ್ಪಿಗೆ ಯಾರೂ ಕಿವಿಗೊಡದಂತಾಯಿತು.

ಮಾವನಿಗೆ ಒಂದು ಕಟ್ಟಳೆ ಹಾಕಿದ್ದರು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಬರಬಹುದು, ಅದಕ್ಕಿಂತ ದೂರ ಬೇಡ. ಸೊಸೆಗೆ ಅದೂ ಇಷ್ಟವಿರಲಿಲ್ಲ. "ಕಾರಿಗೆ ಕಣ್ಣು ಬಂದ್ರೆ ಇವರಿಗೆ ಕಣ್ಣು ಬಂದ ಹಾಗಾ?" ಎಂದು ಗಂಡನ ಕಿವಿಯಲ್ಲಿ ದಿನಾ ಕೊರೆಯುತ್ತಿದ್ದಳು.

ಆ ಶುಕ್ರವಾರ ಬಿಸಿಲು ಸುಡುತ್ತಿತ್ತು. ಮಾವ ತರಕಾರಿ ತಂದು, ಕಾರನ್ನು ಗೇಟಿನ ಹೊರಗೆ ನಿಲ್ಲಿಸಿ, ಕೀ ಮೊಳೆಗೆ ತೂಗಿಸಿ, ಉಂಡು ಮುಂದಿನ ಕೋಣೆಯಲ್ಲಿ ಅಡ್ಡಾದರು. ಮಗ ಕೆಲಸಕ್ಕೆ ಹೋಗಿದ್ದ. ಅತ್ತೆ ಮೇಲೆ ಹೊಲಿಗೆ ಮೆಷಿನ್ನು ಗಡಗಡ ತುಳಿಯುತ್ತಿದ್ದರು. ಸೊಸೆ ಮಧ್ಯಾಹ್ನ ಅಂಗಡಿಯಿಂದ ನಡೆದು ಬಂದು ಊಟ ಮುಗಿಸಿ ಹೊರಟಾಗ, ನೀರಿನ ಕ್ಯಾನು ಹಂಚುವ ವ್ಯಾನಿನವನು ಬೀದಿಯಲ್ಲಿ ಹಾರ್ನ್ ಒತ್ತುತ್ತಿದ್ದ. "ಯಾರದ್ರೀ ಕಾರು? ತೆಗೀರಿ, ದಾರಿ ಬಿಡಿ!"

ಮಾವನನ್ನು ಎಬ್ಬಿಸುವುದೇಕೆಂದು ಸೊಸೆ ತಾನೇ ಕೀ ತೆಗೆದುಕೊಂಡಳು. ಕಾರನ್ನು ಸದ್ದಿಲ್ಲದೆ ಶೆಡ್ಡಿಗೆ ತಂದಳು. ಒಳಗೆ ಏಸಿ ತಣ್ಣಗೆ ಬೀಸುತ್ತಿತ್ತು. ಅಷ್ಟರಲ್ಲಿ ಫೋನು, ಅಂಗಡಿ ಮಾಲೀಕರು. ಇನ್ಸುಲಿನ್ ಬಂದಿದೆ, ಫ್ರಿಜ್ಜಿನ ಬೀಗದ ಕೈ ನಿಮ್ಮ ಹತ್ರ ಇದೆ, ಬೇಗ ಬನ್ನಿ. "ಬಂದೆ ಸರ್, ಬಂದೆ" ಅನ್ನುತ್ತ ಇಳಿದಳು. ಕಾರು ಪಿಪ್ ಅಂತು. ಅದು ಯಾವುದಕ್ಕೆ ಅನ್ನಲ್ಲ! ಬಿಸಿಲಿಗೆ ಧೂಳು ಹಾರುತ್ತದೆಂದು ಷಟರ್ ಎಳೆದಳು, ಕೀ ಮೊಳೆಗೆ ಹಾಕಿದಳು, ಓಡಿದಳು.

ಸಂಜೆ ಸ್ಕೂಲಿಂದ ಬಂದ ಪಟಾಕಿ ಮೇಲೆ ಹೋಗಿ ಕಿರುಚಿದ್ದಕ್ಕೆ ಮಾವ ಎದ್ದು ಓಡಿದರು. ಅತ್ತೆ ಮೆಷಿನ್ನಿನ ಪಕ್ಕ ವಾಂತಿ ಮಾಡಿಕೊಂಡು ಬಿದ್ದಿದ್ದರು. ಮಾತಾಡಿಸಿದರೆ ಮಾತಿಲ್ಲ. ಮಾವ ಹೆಂಡತಿಯನ್ನು ತೋಳಿನಲ್ಲಿ ಹೊತ್ತು ಕೆಳಗೆ ಇಳಿಸಿ, ಆಸ್ಪತ್ರೆಗೆ ಒಯ್ಯಲು ಕಾರು ಹುಡುಕಿದರೆ ಗೇಟಿನ ಹತ್ತಿರ ಕಾರಿಲ್ಲ. ಷಟರ್ ಎತ್ತಿದರು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕಾರು ಮೆಲ್ಲಗೆ ಗುನುಗುತ್ತ ನಿಂತಿತ್ತು.

ಆ ಕಾರಿನ ಬುದ್ಧಿಯೇ ಅದು. ಬ್ಯಾಟರಿ ಇಳಿಯುವವರೆಗೆ ಸತ್ತಂತಿರುತ್ತದೆ. ಇಳಿದ ಮೇಲೆ ತಾನೇ ಪೆಟ್ರೋಲ್ ಎಂಜಿನ್ ಹಚ್ಚಿಕೊಳ್ಳುತ್ತದೆ. ಏಸಿ ಬ್ಯಾಟರಿಯನ್ನು ಹೀರಿತ್ತು, ಎಂಜಿನ್ ಮತ್ತೆ ಮತ್ತೆ ಎದ್ದಿತ್ತು, ವಾಸನೆಯಿಲ್ಲದ ವಿಷಗಾಳಿ ಹಲಗೆಯ ಸಂದಿಯಿಂದ ಮೇಲೇರಿತ್ತು.

ಸೊಸೆ ಆಸ್ಪತ್ರೆ ತಲುಪುವಾಗ ಅತ್ತೆಯ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. "ಜೀವಕ್ಕೆ ಅಪಾಯ ಇಲ್ಲ. ಇನ್ನು ಸ್ವಲ್ಪ ತಡವಾಗಿದ್ದಿದ್ರೆ ನಾನು ಹೀಗೆ ಹೇಳ್ತಿರ್ಲಿಲ್ಲ" ಅಂದರು ಡಾಕ್ಟರು.

"ಏನಾಯ್ತು? ಏನಾಯ್ತು ಅತ್ತೆಗೆ?"

"ಕಾರು ಶೆಡ್ಡಿನೊಳಗೆ ಆನ್ ಆಗೇ ಇತ್ತಂತೆ" ಅಂದ ಗಂಡ, ಹಲ್ಲು ಕಚ್ಚಿಕೊಂಡು.

ಒಳಗೆ ತಂದವಳು ತಾನೇ ಎಂದು ಸೊಸೆಗೆ ಹೊಳೆಯಿತು. ಗುಂಡಿ ಒತ್ತಿದ್ದೆನೇ? ಎಷ್ಟು ನೆನೆದರೂ ಕಿವಿಯಲ್ಲಿ ಫೋನು, ಕೈಯಲ್ಲಿ ಷಟರು, ಅಷ್ಟೇ. ಬಾಯಿ ತೆರೆದಳು. ಅವಳಿಗಿಂತ ಮೊದಲು, ಬೆಂಚಿನ ಮೇಲೆ ಕೂತಿದ್ದ ಮಾವ ಅಂದರು: "ನಾನೇ. ನಾನೇ ಮಾಡಿದ್ದು ಇದು."

"ಬಡ್ಕೊಂಡೆ ನಾನು!" ಗಂಡ ಕೂಗಿದ. ನರ್ಸು ಬಾಗಿಲಿಂದ ಇಣುಕಿದಳು. "ಗುಂಡಿ ಒತ್ತಿ ಇಳೀರಿ, ಗುಂಡಿ ಒತ್ತಿ ಇಳೀರಿ ಅಂತ ಎಷ್ಟು ಸಲ ಹೇಳಿದೀನಿ ಅಪ್ಪಾ? ಅಮ್ಮನ್ನ ಸಾಯಿಸ್ತಿದ್ರಲ್ಲ!"

"ಹೊರಗಡೆ ನಿಲ್ಲಿಸಿದ ಹಾಗಿತ್ತಪ್ಪಾ ನನಗೆ..." ಮಾವ ಕೈ ನೋಡಿಕೊಂಡರು. "ಒಳಗೆ ತಂದಿದ್ದೇ ನೆನಪಿಲ್ಲ."

ಸೊಸೆ ತೆರೆದ ಬಾಯಿ ಮುಚ್ಚಿದಳು. ಆ ಹೊತ್ತಿಗೆ ಅದು ಬರೀ ಹೆದರಿಕೆ. ಗಂಡನ ಆ ಕೂಗು ತನ್ನ ಮೇಲೆ ಬಿದ್ದರೆ ತಾಳುವ ಶಕ್ತಿ ಅವಳಿಗಿರಲಿಲ್ಲ. ನಾಳೆ ಹೇಳೋಣ, ಎಲ್ಲರೂ ತಣ್ಣಗಾಗಲಿ ಅಂದುಕೊಂಡಳು.

ನಾಳೆ ಬಂತು. ಮಾವ ಕೀಯನ್ನು ತಂದು ಅವಳ ಮುಂದೆ, ಹೆಚ್ಚುತ್ತಿದ್ದ ಹುರುಳಿಕಾಯಿಯ ಪಕ್ಕದಲ್ಲಿಟ್ಟರು. "ನೀನು ಮೊದಲೇ ಹೇಳಿದ್ದೆ. ಕೇಳಲಿಲ್ಲ ನಾನು. ಇನ್ನು ಇದನ್ನ ಮುಟ್ಟಲ್ಲ."

ನಿಜ ಹೇಳಬೇಕೆಂದರೆ, ಆಗಲೇ ಅವಳು ಹೇಳಲಾರದೆ ಹೋದದ್ದು. ತಿಂಗಳುಗಟ್ಟಲೆ ಗಂಡನ ಕಿವಿ ಕೊರೆದರೂ ಸಿಗದಿದ್ದದ್ದು ತಾನಾಗಿ ಕೈಗೆ ಬಂದಿತ್ತು. ಹೇಗಿದ್ದರೂ ಇವರು ಓಡಿಸಬಾರದು, ಇದರಿಂದ ಒಳ್ಳೆಯದೇ ಆಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಒಳಗಿನ ಮಾತು ಬಿಸಿತುಪ್ಪವಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಅತ್ತೆ ಮನೆಗೆ ಬಂದರು. ಬಂದವರೇ ಬಾಗಿಲಲ್ಲೇ ನಿಂತು, "ಹೈಬ್ರಿಡ್ಡಂತೆ, ಹೈಬ್ರಿಡ್ಡು! ಹೊಗೆ ಇಲ್ಲ ಅಂತ ತಂದು ಹೊಗೇಲೇ ಮುಗಿಸ್ತಿದ್ರಲ್ಲೋ ನನ್ನ!" ಅಂದರು. ಪಟಾಕಿ ಕಿಸಕ್ಕೆಂದಳು. ಮಾವ ನಗಲಿಲ್ಲ.

ನಗುವುದನ್ನೇ ಬಿಟ್ಟರು ಅವರು. ಒಲೆ ಆರಿಸಿದೆಯಾ ಎಂದು ಹೋಗಿ ನೋಡುವರು, ಬಂದು ಕೂರುವರು, ಮತ್ತೆ ಹೋಗುವರು. ನಲ್ಲಿ ಮುಟ್ಟಿ ನೋಡುವರು. ಬೀಗ ಎಳೆದು ನೋಡುವರು. ಊಟಕ್ಕೆ ಕೂತವರು ಸೊಸೆಯನ್ನು ಕೇಳುವರು, "ನಾನು ಮಾತ್ರೆ ತಗೊಂಡ್ನಾ ಅಮ್ಮಾ?"

"ತಗೊಂಡ್ರಿ ಮಾವ."

"ನೀನು ನೋಡಿದ್ಯಾ?"

"ನೋಡಿದೆ."

"ತಾತ, ನೀನು ಈಗ ತಾನೇ ಕೇಳಿದೆ" ಅನ್ನುವಳು ಪಟಾಕಿ. ಹಿಂದೆಯಾಗಿದ್ದರೆ ಅವಳ ಜಡೆ ಎಳೆಯುತ್ತಿದ್ದ ಮಾವ, ಈಗ ಬೆಚ್ಚಿ ಮೊಮ್ಮಗಳ ಮುಖ ನೋಡುವರು. ಗಂಡ ಅಪ್ಪನೊಂದಿಗೆ ಮಾತು ಬಿಟ್ಟಿದ್ದ. "ಅವರಿಗೆ ಉಪ್ಪು ಕೊಡು" ಎಂದು ಎದುರಿಗಿರುವ ಅಪ್ಪನಿಗೆ ಹೆಂಡತಿಯ ಮೂಲಕ ಉಪ್ಪು ಕಳಿಸುತ್ತಿದ್ದ. ಒಂದು ಸಲ ಅವನು, "ಈ ಮನೇಲಿ ಯಾರನ್ನೂ ನಂಬೋ ಹಾಗಿಲ್ಲ" ಅಂದಾಗ ಸೊಸೆಯ ಕೈಯಿಂದ ತಟ್ಟೆ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಅತ್ತೆ ಮಾತ್ರ ಅವಳನ್ನು ಒಂದು ಗಳಿಗೆ ದಿಟ್ಟಿಸಿ, "ನಿದ್ದೆ ಮಾಡೇ ಸ್ವಲ್ಪ. ಕಣ್ಣೆಲ್ಲ ಗುಳಿಬಿದ್ದಿದೆ" ಅಂದರು. ಆ ಅಕ್ಕರೆಗಿಂತ ಒಂದು ಬೈಗುಳ ಬಿದ್ದಿದ್ದರೆ ಹಗುರವಾಗುತ್ತಿತ್ತು.

ಒಂದು ಮಧ್ಯಾಹ್ನ ಮಾವ ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಸಿಲಲ್ಲಿ ನಡೆದು ಬಂದಿದ್ದರು. ಕೆಮ್ಮಿನ ಸಿರಪ್ಪಿಗೆ ಬಂದವರ ಹಿಂದೆ ಗಿರಾಕಿಯಂತೆ ಸಾಲಿನಲ್ಲಿ ನಿಂತರು. ಸರದಿ ಬಂದಾಗ, ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿಕೊಂಡರು.

"ಒಂದು ಔಷಧಿ ಬೇಕಿತ್ತಮ್ಮಾ."

"ಬಿಪಿ ಮಾತ್ರೆ ಮುಗೀತಾ ಮಾವ?"

"ಅದಲ್ಲ. ಮರೆವಿಗೆ." ದನಿ ತಗ್ಗಿಸಿದರು. "ಮನೇಲಿ ಕೇಳೋಕೆ ನಾಚಿಕೆ ಆಯ್ತು."

ಸೊಸೆ ಕೈಯಲ್ಲಿದ್ದ ಬಿಲ್ ಪುಸ್ತಕ ಕೆಳಗಿಟ್ಟಳು.

"ಅವತ್ತು ಗೇಟಿನ ಹೊರಗೆ ನಿಲ್ಲಿಸಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗುಂಡಿ ಒತ್ತಿದೆ, ಇಳಿದೆ. ಗೇಟಿನ ಮೇಲೆ ಕಾಗೆ ಕೂತಿತ್ತು, ಹುಷ್ ಅಂದೆ. ಚೀಲದಿಂದ ಒಂದು ಟೊಮೇಟೊ ಬಿತ್ತು, ಎತ್ಕೊಂಡೆ. ಇಷ್ಟೆಲ್ಲ ನೆನಪಿದೆ ಕಣಮ್ಮಾ. ಆದರೆ ಕಾರು ಒಳಗಿತ್ತು. ಅಂದ್ರೆ ಏನು? ಆಗದೇ ಇದ್ದದ್ದೆಲ್ಲ ನನಗೆ ನೆನಪಾಗ್ತಿದೆ ಅಂತ ತಾನೇ?" ಅವರು ಕೌಂಟರಿಗೆ ಇನ್ನಷ್ಟು ಹತ್ತಿರ ಸರಿದರು. "ನಮ್ಮ ದೊಡ್ಡಣ್ಣಂಗೂ ಹೀಗೇ ಶುರುವಾಗಿದ್ದು. ಕೊನೆಗೆ ಅತ್ತಿಗೇನ ನೋಡಿ, ಯಾರಮ್ಮಾ ನೀನು ಅಂದ. ನಿಮ್ಮತ್ತೇನ ಹಾಗೆ ಕೇಳೋ ದಿನ ಬರೋಕೆ ಮುಂಚೆ ಏನಾದ್ರೂ ಕೊಡು. ಮಗನಿಗೆ ಹೇಳ್ಬೇಡ."

ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಮಾಲೀಕರು ಒಳಗಿನಿಂದ ಬಂದು, "ಏನ್ ಯಜಮಾನ್ರೇ, ಚೆನ್ನಾಗಿದೀರಾ?" ಅಂದರು. ಮಾವ ನೆಟ್ಟಗಾಗಿ, ಮೊದಲಿನ ದನಿಯಲ್ಲಿ, "ಚೆನ್ನಾಗಿದೀನಿ, ಸುಮ್ನೆ ಸೊಸೇನ ನೋಡ್ಕೊಂಡು ಹೋಗೋಣ ಅಂತ" ಅಂದು ಮೆಟ್ಟಿಲಿಳಿದರು. ರಸ್ತೆ ದಾಟುವಾಗ ಎರಡೂ ಕಡೆ ನೋಡಿದರು, ನೋಡಿದೆನೋ ಇಲ್ಲವೋ ಎಂಬಂತೆ ಮತ್ತೆ ನೋಡಿದರು. ಸೊಸೆ ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕುವವಳಂತೆ ಅತ್ತಳು.

ಅಂದು ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳು ಬಡಿಸಲಿಲ್ಲ. ಪಾತ್ರೆಯ ಪಕ್ಕದಲ್ಲಿ ನಿಂತೇ ಇದ್ದಳು.

"ಏನೇ, ಅನ್ನ ಆರ್ತಿದೆ" ಅಂದರು ಅತ್ತೆ.

"ಕಾರು ಒಳಗೆ ತಂದಿದ್ದು ನಾನು."

ಯಾರಿಗೂ ಮೊದಲು ಅರ್ಥವಾಗಲಿಲ್ಲ.

"ಆ ಶುಕ್ರವಾರ. ನೀರಿನ ವ್ಯಾನು ದಾರಿ ಕೇಳ್ತಿತ್ತು. ಮಾವ ಮಲಗಿದ್ರು. ನಾನೇ ಒಳಗೆ ತಂದು ನಿಲ್ಲಿಸಿದೆ. ಫೋನ್ ಬಂತು, ಗುಂಡಿ ಒತ್ತಲಿಲ್ಲ. ಮಾವ ಏನೂ ಮಾಡಿಲ್ಲ. ಗೇಟಿನ ಹೊರಗೇ ನಿಲ್ಲಿಸಿದ್ರು ಮಾವ. ಆಫ್ ಮಾಡಿದ್ರು."

ಗಂಡ ಎದ್ದೇಬಿಟ್ಟ. "ಗೊತ್ತಿತ್ತಾ ನಿನಗೆ? ಅವತ್ತೇ ಗೊತ್ತಿತ್ತಾ? ನಾನು ಅಪ್ಪಂಗೆ ಆಸ್ಪತ್ರೇಲಿ ಅಷ್ಟು ಮಾತಾಡ್ತಿದ್ದಾಗ ನೀನು ಪಕ್ಕದಲ್ಲೇ ನಿಂತಿದ್ಯಲ್ಲೇ!"

"ಕೂತ್ಕೊ" ಅಂದರು ಮಾವ. ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಗಟ್ಟಿತನವಿತ್ತು. ಮಗ ಕೂತ. ಮಾವ ಸೊಸೆಯ ಕಡೆ ತಿರುಗಿದರು. "ಗೇಟಿನ ಹೊರಗೆ ನಿಲ್ಲಿಸಿದ್ದೆ ನಾನು."

"ಹೌದು ಮಾವ."

"ಆಫ್ ಮಾಡಿದ್ದೆ."

"ಮಾಡಿದ್ರಿ."

"ಕಾಗೆ..." ಎಂದು ಶುರುಮಾಡಿದವರ ಗಲ್ಲ ಅದುರಿತು.

ಮಾತು ಮುಂದುವರಿಸಿದವರು ಅತ್ತೆ. "ನಾನು ಸತ್ತಿದ್ರೂ ಹೋಗ್ಲಿ ಅಂತಿದ್ದೆ ಕಣೆ. ಆದರೆ ಇವರು ದಿನಾ ಬೆಳಿಗ್ಗೆ ಎದ್ದು ನನ್ನ ಕೈ ಹಿಡ್ಕೊಂಡು, ಕೊಲೆ ಮಾಡ್ತಿದ್ನಲ್ಲೇ ನಿನ್ನ ಅಂತ ಅಳ್ತಿದ್ರು. ದಿನಾ. ನೀನು ಗೋಡೆ ಆಚೆ ಕಾಫಿ ಮಾಡ್ತಿದ್ದೆ."

"ತಪ್ಪಾಯ್ತು ಮಾವ" ಅಂದಳು ಸೊಸೆ. ಕಾಲಿಗೆ ಬೀಳಲು ಬಗ್ಗಿದವಳನ್ನು ಮಾವ ಕೈಯೆತ್ತಿ ತಡೆದರು.

"ಗುಂಡಿ ಒತ್ತೋದು ಮರೆತದ್ದು ಕೈತಪ್ಪು. ಅದು ಯಾರಿಗಾದ್ರೂ ಆಗುತ್ತೆ. ಆಮೇಲೆ ಇಷ್ಟು ದಿನ ಸುಮ್ಮನಿದ್ಯಲ್ಲಮ್ಮಾ, ಅದು ಕೈತಪ್ಪಲ್ಲ. ಇವತ್ತು ಅಂಗಡೀಲಿ, ನಾನು ಕೇಳ್ತಿದ್ದಾಗಲೂ..." ತಟ್ಟೆ ಮುಂದಕ್ಕೆ ಎಳೆದುಕೊಂಡರು. "ಬಡಿಸು."

ಅವಳು ಬಡಿಸಿದಳು. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕಿತ್ತು. ಮಾವ ತಾವೇ ಮೊಳೆಯಿಂದ ಕೀ ತೆಗೆದುಕೊಂಡರು. ಮಗ ಬಾಗಿಲವರೆಗೆ ಬಂದ. ಕೊನೆಗೆ, "ನಿಧಾನಕ್ಕೆ ಹೋಗಿ ಬನ್ನಿ ಅಪ್ಪಾ" ಅಂದ. ಆಸ್ಪತ್ರೆಯ ದಿನದ ಮೇಲೆ ಅವನು ಅಪ್ಪನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಕಾರು ಸದ್ದಿಲ್ಲದೆ ಹೋಯಿತು. ಸೊಸೆ ಕಿಟಕಿಯ ಹತ್ತಿರ ನಿಂತು ಒಂದೂ ಕೆಲಸ ಮಾಡದೆ ಕಾದಳು.

ಮರಳಿ ಬಂದವರು ಅತ್ತೆಯನ್ನು ಗೇಟಿನಲ್ಲಿ ಇಳಿಸಿ, ಕಾರನ್ನು ಶೆಡ್ಡಿಗೆ ತಂದರು. ಷಟರ್ ಎಳೆದ ಸದ್ದು ಕೇಳಿಸಿತು. ಒಳಗೆ ಬಂದ ಮಾವನ ಕೈಯಲ್ಲಿ ಇಕ್ಕಳವಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು ಮೊಳೆಯನ್ನು ಇಕ್ಕಳದಿಂದ ಹಿಡಿದು, ಆಚೆ ಈಚೆ ಅಲುಗಿಸಿ, ಕಿತ್ತು ತೆಗೆದರು. ಗೋಡೆಯ ಗಾರೆ ಸ್ವಲ್ಪ ಉದುರಿತು. "ಇನ್ನು ಮೊಳೆ ನೋಡಿ ಕಾರು ಮಲಗಿದೆ ಅಂದ್ಕೊಳ್ಳೋದು ಬೇಡ" ಅಂದರು. ಆಮೇಲೆ ಕೀಯನ್ನು ಸೊಸೆಯ ಅಂಗೈಯಲ್ಲಿಟ್ಟರು.

"ಇನ್ನು ನಾನು ಓಡಿಸಲ್ಲ."

"ಮಾವಾ, ಬೇಡ. ನನ್ನಿಂದ ಹೀಗೆ..."

"ನಿನ್ನಿಂದ ಅಲ್ಲ. ಆ ಕಂಬ ನನಗೆ ನಿಜವಾಗ್ಲೂ ಕಾಣಿಸಿರಲಿಲ್ಲ. ಬ್ರೇಕ್ ಸರೀಗೇ ಇತ್ತು. ಕಣ್ಣು ಮಂಜಾಗಿದೆ, ಇವತ್ತು ದಾರೀಲೂ ಗೊತ್ತಾಯ್ತು. ನನ್ನ ತಪ್ಪಿಗೆ ನಾನು ಬಿಡ್ತೀನಿ. ನಿನ್ನ ತಪ್ಪಿಗಲ್ಲ." ಇಕ್ಕಳವನ್ನು ಡ್ರಾಯರಿನಲ್ಲಿಟ್ಟು ತಿರುಗಿದರು. "ಆಫ್ ಮಾಡಿ ಬಂದಿದೀನಿ. ಬೇಕಾದ್ರೆ ಹೋಗಿ ನೋಡ್ಕೊಂಡು ಬಾ."

ಮಾವ ಅಲ್ಲೇ ನಿಂತು ಕಾದರು. ಕೀ ಎಲ್ಲಿಡಬೇಕೆಂದು ತಿಳಿಯದೆ ಸೊಸೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ನೋಡಲು ಹೋಗಲಿಲ್ಲ.